ನಾಲ್ಕನೇ ಕ್ಲಾಸಿಗೆ ಬಂದರೂ ಮಗುವಿಗೆ ಕನ್ನಡ ಓದಲು ಬಾರದಿದ್ದರೆ: ಹಂತ ಹಂತದ ಮಾರ್ಗದರ್ಶಿ

ಮೂರು, ನಾಲ್ಕು, ಐದನೇ ತರಗತಿಗೆ ಬಂದರೂ ಪಠ್ಯಪುಸ್ತಕದ ಒಂದು ಸಾಲು ಓದಲಾಗದ ಮಗುವಿಗೆ ಮನೆಯಲ್ಲಿ ಸಾಮಾನ್ಯವಾಗಿ ಎರಡೇ ಮದ್ದು: ಕಾಗುಣಿತ ಹತ್ತು ಸಲ ಬರೆ, ಪಾಠ ಹತ್ತು ಸಲ ಓದು. ಎರಡರಿಂದಲೂ ಹೆಚ್ಚು ಪ್ರಯೋಜನವಿಲ್ಲ. ಕಾಗುಣಿತ ಕೈಗೆ ರೂಢಿಯಾಗುತ್ತದೆ, ಕಣ್ಣಿಗೆ ಆಗುವುದಿಲ್ಲ. ಪಾಠ ಬಾಯಿಪಾಠವಾಗುತ್ತದೆ, ಓದು ಬಂದಿರುವುದಿಲ್ಲ. ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಅಲ್ಲಿಂದಲೇ ಕಲಿಸಲು ಶುರುಮಾಡಬೇಕು. ಅದು ಒಂದನೇ ತರಗತಿಯ ಮಟ್ಟವಾಗಿದ್ದರೆ ಅಲ್ಲಿಂದಲೇ. ತರಗತಿಯ ಪಠ್ಯಪುಸ್ತಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಇದು ತಂದೆ ತಾಯಿ, ಅಜ್ಜಿ, ದೊಡ್ಡಕ್ಕ, ಟ್ಯೂಷನ್ ಹೇಳುವವರು, ಶಾಲೆಯ ಶಿಕ್ಷಕರು, ಹೀಗೆ ದಿನಕ್ಕೆ 40 ನಿಮಿಷ ಮಗುವಿನ ಪಕ್ಕ ಕೂರಬಲ್ಲ ಯಾರಿಗಾದರೂ ಸರಿ. ಹಂತಗಳ ಕ್ರಮ ಬದಲಿಸಬೇಡಿ. ಹಿಂದಿನ ಹಂತ ಗಟ್ಟಿಯಾಗದೆ ಮುಂದಕ್ಕೆ ಹೋದದ್ದೇ ಹೆಚ್ಚಿನ ಮಕ್ಕಳು ಹಿಂದೆ ಬೀಳಲು ಕಾರಣ.

## ಹಂತ 1: ಪಾಠಕ್ಕೆ ಮೊದಲು ಕಣ್ಣು, ಕಿವಿ, ಹಾಜರಾತಿ

ತರಗತಿಯಲ್ಲಿ ಮಗು ಕೂರುವ ಜಾಗದಿಂದ ಬೋರ್ಡಿನ ಮೇಲಿನ ಅಕ್ಷರಗಳನ್ನು ಒಂದು ಕಣ್ಣು ಮುಚ್ಚಿ ಗುರುತಿಸಲು ಹೇಳಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿಸಿ. ಅಕ್ಷರದ ಹೆಸರು ಬಾರದ ಮಗುವಾದರೆ ಅದರ ಆಕಾರವನ್ನು ಗಾಳಿಯಲ್ಲಿ ಬರೆದು ತೋರಿಸಲಿ. ಒಂದೇ ಕಣ್ಣು ಮಂದವಾಗಿರುವ ಮಗುವನ್ನು ಮನೆಯವರು ವರ್ಷಗಟ್ಟಲೆ ಗಮನಿಸದೇ ಇರಬಹುದು, ಏಕೆಂದರೆ ಎರಡೂ ಕಣ್ಣು ತೆರೆದಾಗ ಅದಕ್ಕೆ ಕಾಣುತ್ತಲೇ ಇರುತ್ತದೆ. ಪುಸ್ತಕವನ್ನು ಮುಖದ ಹತ್ತಿರ ಹಿಡಿಯುವುದು, ತಲೆ ಓರೆ ಮಾಡಿ ನೋಡುವುದು, ಸಂಜೆ ಹೊತ್ತಿಗೆ ಹಣೆನೋವು ಎನ್ನುವುದು ಎಚ್ಚರಿಕೆಯ ಗುರುತುಗಳು.

ಕಿವಿಗೆ: ಮಗುವಿನ ಬೆನ್ನ ಹಿಂದೆ ಐದಾರು ಅಡಿ ದೂರ ನಿಂತು ಸಣ್ಣ ದನಿಯಲ್ಲಿ ಹಲ್ಲು, ಕಲ್ಲು, ಸೊಪ್ಪು, ಉಪ್ಪು ಎಂದು ಒಂದೊಂದೇ ಪದ ಹೇಳಿ, ತಿರುಗಿ ಹೇಳಿಸಿ. ಕಿವಿ ಸೋರುವ, ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕೇಳುವಿಕೆ ತಿಂಗಳಿಗೊಂದು ಥರ ಇರುತ್ತದೆ. ಅಂಥ ಮಗು ಸ, ಶ, ತ, ಪ ಇಂಥ ಮೆಲು ದನಿಗಳನ್ನು ತಪ್ಪಾಗಿ ಕೇಳಿಸಿಕೊಂಡು ತಪ್ಪಾಗಿಯೇ ಬರೆಯುತ್ತದೆ.

ಇವು ಮನೆಯ ಅಂದಾಜು ಪರೀಕ್ಷೆಗಳು ಮಾತ್ರ. ಅನುಮಾನ ಬಂದರೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶಾಲೆಗೆ ವರ್ಷಕ್ಕೊಮ್ಮೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಿಮ್ಮ ಮಗುವನ್ನು ನೋಡಿದೆಯೇ, ಏನು ಬರೆದಿದೆ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಮಗು ಸದಾ ಸುಸ್ತು ಎನ್ನುತ್ತಿದ್ದರೆ, ರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ ರಕ್ತಹೀನತೆಗೂ ತೋರಿಸಿ.

ಮೂರನೆಯದು ಹಾಜರಾತಿ. ಕಳೆದ ಎರಡು ವರ್ಷದ ಹಾಜರಿಯನ್ನು ಶಾಲೆಯಲ್ಲಿ ಕೇಳಿ ನೋಡಿ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಎಂದು ಗುಳೆ ಹೋದ ಮನೆಯ ಮಗು ತಿಂಗಳುಗಟ್ಟಲೆ ಪಾಠ ಕಳೆದುಕೊಂಡಿದ್ದರೆ ಅದಕ್ಕೆ ಕಲಿಕೆಯ ತೊಂದರೆ ಇದೆ ಎನ್ನಲಾಗದು. ಯಾರೂ ಕಲಿಸಿಲ್ಲ, ಅಷ್ಟೆ. ಇಂಥ ಮಕ್ಕಳು ಮುಂದಿನ ಹಂತಗಳನ್ನು ಬೇಗ ದಾಟುತ್ತಾರೆ.

## ಹಂತ 2: ಮಗು ಯಾವ ಮೆಟ್ಟಿಲಲ್ಲಿದೆ ಎಂದು ಗುರುತಿಸಿ

ಇದಕ್ಕೆ 15 ನಿಮಿಷ ಸಾಕು. ಮಗು ಹಿಂದೆ ಓದಿರುವ ಪಾಠ ಬೇಡ, ಅದು ಬಾಯಿಪಾಠವಾಗಿರುತ್ತದೆ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ನಾಲ್ಕು ಭಾಗ ಬರೆದುಕೊಳ್ಳಿ:

- ಹತ್ತು ಮೂಲಾಕ್ಷರ, ವರ್ಣಮಾಲೆಯ ಕ್ರಮ ತಪ್ಪಿಸಿ: ಗ, ಮ, ಸ, ಹ, ಟ, ನ, ಬ, ಯ, ಲ, ಕ
- ಹತ್ತು ಪದ, ಒತ್ತಕ್ಷರ ಇಲ್ಲದವು: ಮರ, ಕಾಲು, ಮೀನು, ಗೂಡು, ಬೇಲಿ, ಕೊಡೆ, ನೀರು, ಕಿವಿ, ತೋಟ, ಹೂವು
- ಒತ್ತಿಲ್ಲದ ನಾಲ್ಕು ವಾಕ್ಯ: ಇದು ರಾಜುವಿನ ಮನೆ. ಮನೆಯ ಮುಂದೆ ಮಾವಿನ ಮರವಿದೆ. ಮರದ ಮೇಲೆ ಗಿಳಿಯ ಗೂಡಿದೆ. ಗೂಡಿನೊಳಗೆ ಮೂರು ಮರಿಗಳಿವೆ.
- ಒತ್ತಕ್ಷರ ಇರುವ ಏಳೆಂಟು ವಾಕ್ಯದ ಪುಟ್ಟ ಕಥೆ, ಎರಡನೇ ತರಗತಿಯ ಮಟ್ಟದ್ದು

ಅಸರ್ ಸಮೀಕ್ಷೆಯವರು ಹಳ್ಳಿ ಹಳ್ಳಿಯಲ್ಲಿ ಮಕ್ಕಳ ಓದು ಅಳೆಯಲು ಬಳಸುವುದು ಇದೇ ಬಗೆಯ ಹಾಳೆ. ಅಳತೆಯನ್ನೂ ಅಲ್ಲಿಂದಲೇ ತೆಗೆದುಕೊಳ್ಳಬಹುದು. ಮೊದಲು ನಾಲ್ಕು ವಾಕ್ಯ ಕೊಡಿ. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ಬಿಡಿ ಬಿಡಿ ಪದದಂತಲ್ಲದೆ ವಾಕ್ಯದಂತೆ ಓದಿದರೆ ಕಥೆ ಕೊಡಿ. ಓದದಿದ್ದರೆ ಪದಗಳಿಗೆ ಇಳಿಯಿರಿ, ಹತ್ತರಲ್ಲಿ ಯಾವುದಾದರೂ ಐದು ಪದ ಓದಿಸಿ, ನಾಲ್ಕಾದರೂ ಸರಿ ಇರಬೇಕು. ಅದೂ ಆಗದಿದ್ದರೆ ಅಕ್ಷರ, ಅಲ್ಲೂ ಐದರಲ್ಲಿ ನಾಲ್ಕು.

ಮಗು ಓದುವಾಗ ತಿದ್ದಬೇಡಿ. ಅದು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ, ಅಥವಾ ಮೊಬೈಲಿನಲ್ಲಿ ದನಿ ಹಿಡಿದಿಟ್ಟುಕೊಳ್ಳಿ. ನಿಮಗೆ ಅಂಕ ಬೇಕಾಗಿಲ್ಲ, ತಪ್ಪು ಯಾವ ಬಗೆಯದು ಎಂಬುದು ಬೇಕು. ಉದಾಹರಣೆಗೆ "ಕೋತಿ ಮರದಿಂದ ಮರಕ್ಕೆ ಹಾರಿತು" ಎಂಬ ವಾಕ್ಯವನ್ನು ಮಗು "ಕೊತಿ ಮರದಿದ ಮರಕೆ ಹಾರಿತು" ಎಂದು ಓದಿತು ಎನ್ನಿ. "ಓದಲು ಬರಲ್ಲ" ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಬಿಡಿಸಿ ನೋಡಿ: ಕೋ ಹೋಗಿ ಕೊ ಆಗಿದೆ, ದೀರ್ಘದ ಗುರುತು ಕಣ್ಣಿಗೆ ಬಿದ್ದಿಲ್ಲ. ದಿಂ ಹೋಗಿ ದಿ ಆಗಿದೆ, ಸೊನ್ನೆ ಬಿಟ್ಟಿದೆ. ಕ್ಕೆ ಹೋಗಿ ಕೆ ಆಗಿದೆ, ಒತ್ತು ಬಿಟ್ಟಿದೆ. ಹಾರಿತು ಸರಿಯಾಗಿದೆ, ಅಂದರೆ ಹಾ, ರಿ, ತು ಅಕ್ಷರಗಳಲ್ಲಿರುವ ಇಳಿ, ಗುಡಿಸು, ಕೊಂಬು ಮೂರೂ ಬರುತ್ತವೆ. ಈ ಮಗುವಿಗೆ ಮೂಲಾಕ್ಷರ ಮತ್ತೆ ತಿದ್ದಿಸುವುದು ಸಮಯ ಹಾಳು. ಅದಕ್ಕೆ ಬೇಕಾದ್ದು ದೀರ್ಘ, ಸೊನ್ನೆ, ಒತ್ತು, ಈ ಮೂರೇ.

ಇನ್ನೊಂದು ಪರೀಕ್ಷೆ ಕಡ್ಡಾಯ. ಅದೇ ನಾಲ್ಕು ವಾಕ್ಯವನ್ನು ನೀವೇ ಓದಿ ಹೇಳಿ, ಗೂಡಿನಲ್ಲಿ ಏನಿತ್ತು, ಗೂಡು ಎಲ್ಲಿತ್ತು ಎಂದು ಕೇಳಿ. ಕೇಳಿದರೆ ಅರ್ಥವಾಗುವ, ಓದಿದರೆ ಆಗದ ಮಗುವಿಗೆ ತೊಂದರೆ ಇರುವುದು ಲಿಪಿಯಲ್ಲಿ. ಕೇಳಿದರೂ ಅರ್ಥವಾಗದಿದ್ದರೆ ಮನೆಮಾತು ಯಾವುದು ನೋಡಿ. ತುಳು, ಕೊಂಕಣಿ, ಉರ್ದು, ಲಂಬಾಣಿ, ತೆಲುಗು ಮಾತಾಡುವ ಮನೆಯ ಮಗುವಿಗೆ ಅಕ್ಷರ ಬಂದರೂ ಪದದ ಅರ್ಥ ಗೊತ್ತಿಲ್ಲದೆ ಓದು ನಿಂತಿರಬಹುದು. ಅಂಥಲ್ಲಿ ಪ್ರತಿ ಪದ ಓದಿಸುವ ಮುನ್ನ ಅದನ್ನು ಮನೆಮಾತಿನಲ್ಲಿ ಹೇಳಿ, ವಸ್ತುವನ್ನು ತೋರಿಸಿ. ಮನೆಮಾತಿನಲ್ಲೂ ಪುಟ್ಟ ಕಥೆ ಅರ್ಥವಾಗದಿದ್ದರೆ ಹಂತ 10ಕ್ಕೆ ಈಗಲೇ ಹೋಗಿ.

## ಹಂತ 3: ಸಾಮಗ್ರಿ ಮತ್ತು ಸಮಯ

ಹಳೆಯ ಲಗ್ನಪತ್ರಿಕೆಗಳನ್ನು 3 ಇಂಚು ಉದ್ದ, 2 ಇಂಚು ಅಗಲಕ್ಕೆ ಕತ್ತರಿಸಿ, ಖಾಲಿ ಬದಿಯಲ್ಲಿ ದಪ್ಪ ಮಾರ್ಕರಿನಿಂದ ಕಾರ್ಡಿಗೆ ಒಂದೇ ಅಕ್ಷರ ಬರೆಯಿರಿ. ಸ್ಲೇಟು, ಬಳಪ, 100 ಪುಟದ ಒಂದು ನೋಟುಪುಸ್ತಕ, ತಟ್ಟೆಯಲ್ಲಿ ತೆಳುವಾಗಿ ಹರಡಿದ ರವೆ ಅಥವಾ ಮರಳು, ಸಾಲಿನ ಕೆಳಗೆ ಇಡಲು ಒಂದು ದಪ್ಪ ಕಾಗದದ ಪಟ್ಟಿ. ದುಡ್ಡು ಕೊಟ್ಟು ತರುವಂಥದ್ದು ಹೆಚ್ಚೇನಿಲ್ಲ. ಬಣ್ಣಬಣ್ಣದ ಅಕ್ಷರಮಾಲೆಯ ಚಾರ್ಟು ಬೇಡ, ಅದರಲ್ಲಿ ಮಗು ಚಿತ್ರ ನೋಡಿ ಪದ ಹೇಳುತ್ತದೆ.

ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ, ಅದೂ 20 ನಿಮಿಷದ ಎರಡು ಕಂತು. ಬೆಳಿಗ್ಗೆ ಒಂದು, ಸಂಜೆ ಆಟ ಮುಗಿದು ತಿಂಡಿ ತಿಂದ ಮೇಲೆ ಒಂದು. ಭಾನುವಾರ ಮೂರು ಗಂಟೆ ಕೂರಿಸಿ ವಾರದ ಲೆಕ್ಕ ತೀರಿಸಲು ಹೋಗಬೇಡಿ, ಅದರಿಂದ ಹೊಸದು ನಿಲ್ಲುವುದಿಲ್ಲ. ಟಿವಿ ಆರಿಸಿ. ತಮ್ಮ ತಂಗಿಯರ ಎದುರು ಓದಿಸಬೇಡಿ, ಚಿಕ್ಕವರು ಮುಂಚೆಯೇ ಉತ್ತರ ಹೇಳಿಬಿಟ್ಟರೆ ದೊಡ್ಡ ಮಗು ಬಾಯಿ ಮುಚ್ಚಿಬಿಡುತ್ತದೆ.

ಪ್ರತಿ ಕಂತಿಗೂ ಒಂದೇ ಕ್ರಮ: 5 ನಿಮಿಷ ಹಿಂದಿನದು, 7 ನಿಮಿಷ ಹೊಸದು, 5 ನಿಮಿಷ ಆ ಹೊಸದು ಇರುವ ಪದಗಳ ಓದು, 3 ನಿಮಿಷ ಬರವಣಿಗೆ.

## ಹಂತ 4: ಮೂಲಾಕ್ಷರ, ಆದರೆ ಅ ಆ ಇ ಈ ಕ್ರಮದಲ್ಲಿ ಅಲ್ಲ

ಹಂತ 2ರಲ್ಲಿ ಅಕ್ಷರ ಸರಿಯಾಗಿ ಓದಿದ ಮಗು ನೇರ ಹಂತ 5ಕ್ಕೆ ಹೋಗಲಿ.

ವರ್ಣಮಾಲೆಯನ್ನು ರಾಗವಾಗಿ ಹೇಳುವ ಮಗುವಿಗೆ ನಡುವಿನ ಒಂದು ಅಕ್ಷರ ತೋರಿಸಿದರೆ ಅದು ಮೊದಲಿನಿಂದ ಹಾಡಿಕೊಂಡು ಬಂದು ಆ ಅಕ್ಷರ ಮುಟ್ಟುತ್ತದೆ. ಅದಕ್ಕೆ ಹಾಡು ಗೊತ್ತು, ಅಕ್ಷರ ಗೊತ್ತಿಲ್ಲ. ಆದ್ದರಿಂದ ಸರ್ಕಾರಿ ಶಾಲೆಯ ಕೆಳ ತರಗತಿಗಳ ನಲಿ ಕಲಿ ಪದ್ಧತಿಯ ಕ್ರಮ ಹಿಡಿಯಿರಿ: ಮೊದಲು ರ, ಗ, ಸ, ದ, ಅ. ಈ ಐದರಿಂದಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಪದ ಕಟ್ಟಬಹುದು. ಆಮೇಲೆ ಜ, ವ, ಮ, ಬ, ನ. ಆಗ ಮರ, ಜನ, ದನ, ವನ, ಗಜ, ನಗರ, ಬಸವ ಸೇರುತ್ತವೆ. ಮೊದಲ ವಾರದಲ್ಲೇ ಮಗು ನಿಜವಾದ ಪದ ಓದಬೇಕು, ಇಲ್ಲಿ ಅದೇ ಮುಖ್ಯ.

ಒಮ್ಮೆಗೆ ಮೂರೇ ಹೊಸ ಅಕ್ಷರ. ಕಾರ್ಡು ತೋರಿಸಿ, ದನಿ ಹೇಳಿ, ರವೆಯ ಮೇಲೆ ಬೆರಳಿನಿಂದ ಬರೆಸಿ, ಹಳೆಯ ಕಾರ್ಡುಗಳ ನಡುವೆ ಸೇರಿಸಿ ಹುಡುಕಿಸಿ. ಕಾರ್ಡು ತೋರಿಸಿದ ಕೂಡಲೇ, ಯೋಚಿಸದೆ ಹೇಳಿದರೆ ಮಾತ್ರ ಅದು ಬಂದಂತೆ. ತಡೆದು ಹೇಳಿದ್ದನ್ನು ನಾಳೆಗೂ ಇಟ್ಟುಕೊಳ್ಳಿ.

ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ವಾರ ಕಲಿಸಬೇಡಿ: ಬ ಮತ್ತು ಭ, ಪ ಮತ್ತು ಷ, ದ ಧ ಥ, ಡ ಮತ್ತು ಢ, ರ ಮತ್ತು ಠ, ನ ಮತ್ತು ಸ, ವ ಮತ್ತು ಮ, ಘ ಮತ್ತು ಫ. ಮೇಲಿನ ಪಟ್ಟಿಯಲ್ಲೇ ಇರುವ ನ, ಸ ಅಥವಾ ವ, ಮ ನಿಮ್ಮ ಮಗುವಿಗೆ ಗೊಂದಲ ತಂದರೆ ಜೋಡಿಯಲ್ಲಿ ಒಂದನ್ನು ಪೂರ್ತಿ ಗಟ್ಟಿಮಾಡಿ, ಹತ್ತು ದಿನ ಬಿಟ್ಟು ಇನ್ನೊಂದನ್ನು ತನ್ನಿ. ಆಗ ಎರಡನ್ನೂ ಅಕ್ಕಪಕ್ಕ ಇಟ್ಟು, ವ್ಯತ್ಯಾಸ ಎಲ್ಲಿದೆ ಎಂದು ಮಗುವಿನ ಬೆರಳಿನಿಂದಲೇ ತೋರಿಸಿ. ಮಹಾಪ್ರಾಣಗಳನ್ನು ಕೊನೆಗೆ ಇಡಿ. ನಮ್ಮ ಮಾತಿನಲ್ಲೇ ಭ, ಬ ಆಗಿರುವಾಗ ಮಗುವಿನ ಉಚ್ಚಾರಣೆ ತಿದ್ದುತ್ತ ಕೂರುವುದು ಈ ಘಟ್ಟದಲ್ಲಿ ಬೇಡ. ಹಾಲನ್ನು ಆಲು ಎನ್ನುವ ಮಗುವಿಗೂ ಇದೇ ಮಾತು. ಕಣ್ಣು ಹ ಎಂದು ಗುರುತಿಸಿದರೆ ಸಾಕು.

ಜೊತೆಗೆ ದಿನಕ್ಕೆ ಎರಡು ನಿಮಿಷ ಬಾಯಿಮಾತಿನ ಆಟ. "ಕಮಲ" ಎನ್ನಿ, ಮಗು ಮೂರು ಚಪ್ಪಾಳೆ ತಟ್ಟಲಿ: ಕ, ಮ, ಲ. "ನಗರದಲ್ಲಿ ಮೊದಲಿನ ನ ತೆಗೆದರೆ?" "ಗರ." ಪದದಿಂದ ದನಿ ಬಿಡಿಸಲು ಬಾರದ ಮಗುವಿಗೆ ಅಕ್ಷರ ಜೋಡಿಸುವುದೂ ಬಾರದು.

## ಹಂತ 5: ಕಾಗುಣಿತ

ಹೆಚ್ಚು ಮಕ್ಕಳು ಮುಗ್ಗರಿಸುವುದು ಇಲ್ಲಿ. 34 ವ್ಯಂಜನಕ್ಕೂ ಹತ್ತಾರು ರೂಪ, ಒಟ್ಟು ನಾನೂರಕ್ಕೂ ಮೀರಿದ ಆಕಾರ. ಎಲ್ಲವನ್ನೂ ಒಂದೊಂದಾಗಿ ನೆನಪಿಡಬೇಕು ಎಂದುಕೊಂಡ ಮಗು ಸೋಲೊಪ್ಪಿಕೊಳ್ಳುತ್ತದೆ. ಆದರೆ ಕಲಿಯಬೇಕಾದ ಗುರುತುಗಳು ಒಂದು ಡಜನ್ ಅಷ್ಟೇ. ಹಾಗಾಗಿ ಕ ಕಾ ಕಿ ಕೀ ಎಂದು ಅಡ್ಡಡ್ಡಕ್ಕೆ ಕಲಿಸುವುದನ್ನು ಬಿಟ್ಟು ಉದ್ದಕ್ಕೆ ಕಲಿಸಿ: ಒಂದು ವಾರ ಇಳಿ ಮಾತ್ರ. ಕಾ, ಗಾ, ನಾ, ಮಾ, ರಾ, ಬಾ, ಸಾ. ಪದ: ನಾಯ, ಮಾಲ ಎಂದು ಅರ್ಧಂಬರ್ಧ ಬೇಡ, ಆಗಲೇ ಪೂರ್ತಿ ಓದಬಲ್ಲವನ್ನು ಹುಡುಕಿ: ಕಾಗದ, ಸಾರ, ದಾರ, ರಾಗ, ಬಾಣ, ಜಾಲ, ಮಾವ, ಆಕಾರ.

ನಮ್ಮ ಸಲಹೆಯ ಕ್ರಮ: ಇಳಿ, ಗುಡಿಸು, ಕೊಂಬು, ಎತ್ವ, ಸೊನ್ನೆ. ಇಷ್ಟಾದ ಮೇಲೆ ದೀರ್ಘಗಳು. ಆಮೇಲೆ ಒತ್ವ, ಓತ್ವ. ಐತ್ವ, ಔತ್ವ, ವಟ್ರಸುಳಿ, ವಿಸರ್ಗ ಕಡಿಮೆ ಬರುವಂಥವು, ಪಠ್ಯದಲ್ಲಿ ಸಿಕ್ಕಾಗ ಹೇಳಿಕೊಟ್ಟರೆ ಸಾಕು. ಮೊದಲ ಐದು ಗುರುತು ಬಂದರೆ ಮಗು ಗಿಳಿ, ನರಿ, ಕುರಿ, ಮನೆ, ಎಲೆ, ಹುಲಿ, ಆನೆ, ಬಿಸಿಲು, ಸಂಜೆ, ಅಂಗಡಿ ಎಲ್ಲ ಓದುತ್ತದೆ.

ಮೂರು ಕಡೆ ನಿಧಾನ ಮಾಡಿ.

ಒಂದು, ದೀರ್ಘ. ಕೀ, ಕೇ, ಕೋ ಮೂರರ ಕೊನೆಗೂ ಬರುವ ಗುರುತು ಒಂದೇ. ಕಿ ಬರೆದು ದೀರ್ಘದ ಗುರುತನ್ನು ಬೇರೆ ಬಣ್ಣದಲ್ಲಿ ಸೇರಿಸಿ, ಕೆಗೂ ಹಾಗೇ, ಕೊಗೂ ಹಾಗೇ. "ಇದು ಬಂದರೆ ಎಳೆದು ಹೇಳು" ಎಂಬ ಒಂದೇ ಮಾತಿನಲ್ಲಿ ಮೂರು ಅಕ್ಷರ ಬಂದವು. ಆಮೇಲೆ ಅರ್ಥ ಬದಲಾಗುವ ಜೋಡಿ ಕೊಡಿ: ಕರು ಕಾರು, ಬಳೆ ಬಾಳೆ, ಮರಿ ಮಾರಿ, ಕೊಡು ಕೋಡು ಹೀಗೆ ಒಂದೇ ಗುರುತು ಬದಲಾಗುವಂಥವನ್ನೇ ಆರಿಸಿ. ತಲೆ ತಾಳೆ, ಎಡೆ ಏಡಿ, ಗುಡಿ ಗೂಡು, ಹಡಗು ಹಾಡು ಎಂಬಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸವಿದೆ, ಅಂಥವು ಬೇಡ.

ಎರಡು, ಒತ್ವ. ಕೊ ಎಂಬುದರಲ್ಲಿ ಎತ್ವವೂ ಇದೆ, ಕೊಂಬಿನ ಇಳಿಯೂ (ಕೂ ಎಂಬಲ್ಲಿ ಬರುವ ಗುರುತು) ಇದೆ. ಕೆ ಮತ್ತು ಕೂ ಬಲ್ಲ ಮಗು ಅದನ್ನು ನೋಡಿ ಒಮ್ಮೆ ಕೆ ಎನ್ನುತ್ತದೆ, ಒಮ್ಮೆ ಕೂ ಎನ್ನುತ್ತದೆ. ಇದು ಅಜಾಗರೂಕತೆಯಲ್ಲ, ಮಗು ಕಂಡದ್ದನ್ನೇ ಓದುತ್ತಿದೆ. "ಎರಡೂ ಒಟ್ಟಿಗೆ ಬಂದರೆ ಒ" ಎಂದು ಬಿಡಿಸಿ ತೋರಿಸಿ.

ಮೂರು, ಕೊಂಬು ಜಾಗ ಬದಲಿಸುವ ಅಕ್ಷರಗಳು. ಕು, ಗು, ನು ಬರೆಯುವಾಗ ಕೊಂಬು ಪಕ್ಕದಲ್ಲಿ ಬರುತ್ತದೆ. ಪು, ವು ಬರೆಯುವಾಗ ಕೆಳಗಿನಿಂದ ಬರುತ್ತದೆ. ವ ಪಕ್ಕದಲ್ಲಿ ಕೊಂಬು ಎಳೆದರೆ ಅದು ಮ ಆಗಿಬಿಡುತ್ತದೆ. ಹೂವು ಎಂದು ಬರೆಯಲು ಹೋಗಿ ಹೂಮ ಎಂದು ಬರೆದ ಮಗುವಿಗೆ ಬೈಯುವ ಮುನ್ನ ಇದನ್ನು ನೆನಪಿಡಿ.

ಸಾಮಾನ್ಯ ತಪ್ಪು: "ಡಕ್ಕೆ ಗುಡಿಸು ಡಿ, ಗಕ್ಕೆ ಎತ್ವ ಗೆ" ಎಂದು ಗುರುತಿನ ಹೆಸರು ಹೇಳಿಸಿಕೊಂಡೇ ಓದಿಸುವುದು. ಬರೆಯುವಾಗ ಅದು ನೆರವಾಗಬಹುದು, ಓದುವಾಗ ಅಡ್ಡಿ. ಕಾಡಿಗೆ ಎಂಬ ಮೂರಕ್ಷರದ ಪದ ಮುಗಿಯುವ ಹೊತ್ತಿಗೆ ಮೊದಲಿನ ಕಾ ಮರೆತಿರುತ್ತದೆ. ಗುರುತು ಕಂಡ ಕೂಡಲೇ ದನಿ ಬರಬೇಕು, ಹೆಸರು ಬೇಡ.

## ಹಂತ 6: ಒತ್ತಕ್ಷರ

ಕಾಗುಣಿತದ ಪದಗಳನ್ನು ಹತ್ತಕ್ಕೆ ಒಂಬತ್ತರಂತೆ ಸಲೀಸಾಗಿ ಓದುವವರೆಗೆ ಇಲ್ಲಿಗೆ ಬರಬೇಡಿ.

ಮೊದಲು ಸಜಾತೀಯ ಒತ್ತು, ಅದರಲ್ಲೂ ಅಕ್ಷರದ ಆಕಾರವೇ ಕೆಳಗೆ ಪುಟ್ಟದಾಗಿ ಕಾಣುವಂಥವು: ಅಕ್ಕ, ಅಜ್ಜ, ಹಗ್ಗ, ಅಪ್ಪ, ಹಬ್ಬ, ಬೆಟ್ಟ, ಗುಡ್ಡ, ಹಳ್ಳ. ಆಮೇಲೆ ಒತ್ತಿನ ಆಕಾರ ಮೂಲಾಕ್ಷರಕ್ಕಿಂತ ಬೇರೆಯೇ ಆಗಿರುವ ಆರು: ತ, ನ, ಮ, ಯ, ರ, ಲ. ಕತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಈ ಆರಕ್ಕೂ ಬೇರೆ ಕಾರ್ಡು ಮಾಡಿ, ಒಂದು ಬದಿಗೆ ಮೂಲಾಕ್ಷರ, ಹಿಂಬದಿಗೆ ಒತ್ತು. ಎರಡು ವಾರ ದಿನಾ ತಿರುಗಿಸಿ ಕೇಳಿ.

ವಿಜಾತೀಯ ಒತ್ತಿನಲ್ಲಿ ಮಗು ಶಕ್ತಿಯನ್ನು "ಶಕಿತ" ಎಂದು ಓದುತ್ತದೆ. ಯಾಕೆ ಎಂದು ನೋಡಿ: ಗುಡಿಸು ಇರುವುದು ಮೇಲಿನ ಕ ಮೇಲೆ, ಆದರೆ ಇ ದನಿ ಬರುವುದು ಕೆಳಗಿನ ತ ಆದ ಮೇಲೆ. ಕಣ್ಣು ಕಂಡ ಕ್ರಮ ಬೇರೆ, ಬಾಯಿ ಹೇಳಬೇಕಾದ ಕ್ರಮ ಬೇರೆ. ಸ್ಲೇಟಿನ ಮೇಲೆ ಮೂರು ಸಾಲು ಬರೆಯಿರಿ. ಮೊದಲ ಸಾಲಲ್ಲಿ ಶ, ಕ್, ತಿ ಬಿಡಿಬಿಡಿಯಾಗಿ. ಎರಡನೆಯದರಲ್ಲಿ ಶ, ಕ್ತಿ. ಮೂರನೆಯದರಲ್ಲಿ ಶಕ್ತಿ. ಮಗು ಮೂರನ್ನೂ ಒಂದೇ ಥರ ಓದಬೇಕು. ಸೂತ್ರ ಇಷ್ಟೇ: ಮೇಲಿನದನ್ನು ಅರ್ಧ ಹೇಳು, ಕೆಳಗಿನದನ್ನು ಪೂರ್ತಿ ಹೇಳು, ಗುರುತಿನ ದನಿ ಕೊನೆಗೆ. ಪುಸ್ತಕ, ಬಸ್ತಿ, ಕನ್ಯೆ, ಭಕ್ತಿ, ಮುಖ್ಯ, ರಾತ್ರಿ, ಮಂತ್ರಿ ಹೀಗೆ ದಿನಕ್ಕೆ ನಾಲ್ಕು ಪದ ಬಿಡಿಸಿ ಕೂಡಿಸಿ.

ಅರ್ಕಾವತ್ತು ಕೊನೆಗೆ. ಕರ್ನಾಟಕ, ಸೂರ್ಯ, ವರ್ಷ, ಕಾರ್ಯ ಎಂಬಲ್ಲಿ ಗುರುತು ಅಕ್ಷರದ ನಂತರ ಕಾಣುತ್ತದೆ, ದನಿ ಅಕ್ಷರಕ್ಕಿಂತ ಮೊದಲು ಬರುತ್ತದೆ. "ಕನರಾಟಕ" ಎಂದು ಓದುವ ಮಗು ಎಡದಿಂದ ಬಲಕ್ಕೆ ನಿಯತ್ತಾಗಿ ಓದುತ್ತಿದೆ. ಅರ್ಕಾವತ್ತು ಕಂಡರೆ ಒಂದು ಹೆಜ್ಜೆ ಹಿಂದೆ ಹೋಗಿ ರ್ ಸೇರಿಸಬೇಕು ಎಂದು ಬಾಣದ ಗುರುತು ಎಳೆದು ತೋರಿಸಿ.

ಈ ಹಂತಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ವಾರ ಹಿಡಿಯುತ್ತದೆ. ಅವಸರ ಮಾಡಬೇಡಿ.

## ಹಂತ 7: ಪದದಿಂದ ಪುಟಕ್ಕೆ

ಅಕ್ಷರ ಕೂಡಿಸಿ ಓದುವ ಮಗು ಇನ್ನೂ ಓದುಗನಾಗಿಲ್ಲ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತರೆ ಅರ್ಥ ಸಿಗದು. ಐದಾರು ವಾಕ್ಯದ ಒಂದು ಭಾಗ ಆರಿಸಿ. ಮೊದಲು ನೀವು ಬೆರಳಿಟ್ಟು ಓದಿ, ಆಮೇಲೆ ಇಬ್ಬರೂ ಒಟ್ಟಿಗೆ, ಕೊನೆಗೆ ಮಗು ಒಂಟಿಯಾಗಿ. ಅದೇ ಭಾಗವನ್ನು ಮೂರು ದಿನ ಓದಿಸಿ, ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದಿಡಿ. ಸಮಯ ಇಳಿಯುವುದನ್ನು ಮಗುವೇ ನೋಡಲಿ. ಬಾಯಿಪಾಠವಾಯಿತೇ ಎಂಬ ಅನುಮಾನ ಬಂದರೆ ಕೊನೆಯ ವಾಕ್ಯದಿಂದ ಹಿಂದಕ್ಕೆ ಓದಿಸಿ, ಅಥವಾ ನಡುವಿನ ಒಂದು ಪದದ ಮೇಲೆ ಬೆರಳಿಡಿ.

ತಪ್ಪಿದಾಗ ಮೂರು ಸೆಕೆಂಡು ಕಾಯಿರಿ. ತಾನೇ ತಿದ್ದಿಕೊಳ್ಳದಿದ್ದರೆ ತಪ್ಪಿದ ಅಕ್ಷರವನ್ನಷ್ಟೇ ತೋರಿಸಿ. ಆಗಲೂ ಆಗದಿದ್ದರೆ ಪದ ಹೇಳಿ ಮುಂದೆ ಹೋಗಿ. ಪುಟದಲ್ಲಿ ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಾದರೆ ಪುಸ್ತಕವೇ ಕಷ್ಟದ್ದು, ಬದಲಿಸಿ. "ಮಾಡುತ್ತಾನೆ" ಎಂದಿರುವಲ್ಲಿ "ಮಾಡ್ತಾನೆ" ಎಂದೋ "ಮಾಡತಾನ" ಎಂದೋ ಓದಿದರೆ ಖುಷಿಪಡಿ. ಮಗುವಿಗೆ ಅರ್ಥ ಹತ್ತಿದೆ, ಅದನ್ನು ತನ್ನ ಮಾತಿನಲ್ಲಿ ಹೇಳುತ್ತಿದೆ. ತಿದ್ದುವ ಕೆಲಸ ಆಮೇಲೆ ನಿಧಾನವಾಗಿ ಆಗಲಿ.

ಪುಸ್ತಕಕ್ಕೆ: ಶಾಲೆಯ ನಲಿ ಕಲಿ ಓದು ಕಾರ್ಡುಗಳು, ಶಾಲಾ ಗ್ರಂಥಾಲಯದ ಚಿತ್ರಕಥೆಗಳು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ನಾಲ್ಕು ಮಟ್ಟಗಳಲ್ಲಿ ಉಚಿತವಾಗಿ ಸಿಗುತ್ತವೆ, ಒಂದನೇ ಮಟ್ಟದಿಂದ ಶುರುಮಾಡಿ. ಹತ್ತು ವರ್ಷದ ಹುಡುಗನಿಗೆ ಮೂರು ವರ್ಷದವರ ಕಥೆ ಅವಮಾನವೆನಿಸಬಹುದು. ಅಂಥವನಿಗೆ ಕ್ರಿಕೆಟ್, ಹಾವು, ಟ್ರ್ಯಾಕ್ಟರ್, ಅವನಿಗೆ ಏನಿಷ್ಟವೋ ಅದರ ಬಗ್ಗೆ ನೀವೇ ಸರಳ ಪದಗಳಲ್ಲಿ ಐದು ವಾಕ್ಯ ಬರೆದುಕೊಡಿ. ಅವನೇ ಹೇಳಿದ್ದನ್ನು ಬರೆದು ಅವನಿಂದಲೇ ಓದಿಸಿದರೆ ಇನ್ನೂ ಒಳ್ಳೆಯದು.

## ಹಂತ 8: ಬರವಣಿಗೆ

ನೋಡಿ ಬರೆಯುವುದನ್ನು ಕಡಿಮೆ ಮಾಡಿ, ಕೇಳಿ ಬರೆಯುವುದನ್ನು ಹೆಚ್ಚಿಸಿ. ಪುಟಗಟ್ಟಲೆ ದುಂಡಗೆ ನಕಲು ಮಾಡುವ, ಒಂದು ಪದವನ್ನೂ ಓದಲಾರದ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಅವರ ನೋಟುಪುಸ್ತಕ ನೋಡಿದವರಿಗೆ ತೊಂದರೆ ಕಾಣುವುದೇ ಇಲ್ಲ. ದಿನಕ್ಕೆ ಐದು ಪದದ ಉಕ್ತಲೇಖನ ಸಾಕು: ಮೂರು ಅಂದು ಕಲಿತವು, ಎರಡು ಹಳೆಯವು. ಮಗು ಪದವನ್ನು ಬಾಯಲ್ಲಿ ಹೇಳಿಕೊಂಡು, ಬಿಡಿಸಿ, ಬರೆದು, ಮತ್ತೆ ಓದಲಿ. ತಪ್ಪಾದ ಪದವನ್ನು ಹತ್ತು ಸಲ ಬರೆಸುವ ಶಿಕ್ಷೆ ಬೇಡ. ತಪ್ಪಾದ ಅಕ್ಷರವನ್ನು ಮಾತ್ರ ತಿದ್ದಿ, ನಾಳೆ ಅದೇ ಪದ ಮತ್ತೆ ಹೇಳಿ.

## ಹಂತ 9: ಶಾಲೆಯವರೊಂದಿಗೆ ಮಾತು

ಶಿಕ್ಷಕರನ್ನು ಭೇಟಿಯಾಗುವಾಗ ಹಂತ 2ರ ಹಾಳೆ ಕೈಯಲ್ಲಿರಲಿ. "ನಮ್ಮ ಮಗು ದಡ್ಡ, ಎರಡೇಟು ಹಾಕಿ" ಎಂದು ಹೇಳುವ ತಂದೆ ತಾಯಿ ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಹೊಡೆತದ ಭಯವಿರುವ ಮಗು ಅಂದಾಜಿನಲ್ಲಿ ಏನೋ ಒಂದು ಹೇಳಿ ಪಾರಾಗುವುದನ್ನು ಕಲಿಯುತ್ತದೆ. ಕೇಳಬೇಕಾದ್ದು ಇವು: ಮುಂದಿನ ಸಾಲಿನಲ್ಲಿ ಜಾಗ, ಎಲ್ಲರೆದುರು ಗಟ್ಟಿಯಾಗಿ ಓದಿಸುವುದರಿಂದ ಕೆಲ ತಿಂಗಳ ಬಿಡುವು, ಮನೆಗೆಲಸದಲ್ಲಿ ನಕಲು ಕಡಿಮೆ, ಸಮಾಜ ವಿಜ್ಞಾನ, ಪರಿಸರ ಅಧ್ಯಯನದಂಥ ವಿಷಯಗಳಲ್ಲಿ ಬಾಯಿಮಾತಿನ ಉತ್ತರಕ್ಕೆ ಅವಕಾಶ. ಗಣಿತದಲ್ಲಿ ಲೆಕ್ಕ ಬಂದರೂ ಹೇಳಿಕೆ ಲೆಕ್ಕ ಬಿಡುವ ಮಗುವಿಗೆ ಪ್ರಶ್ನೆ ಓದಿ ಹೇಳಿದರೆ ಸಾಕಾಗಬಹುದು, ಪರೀಕ್ಷಿಸಿ ನೋಡಲು ಹೇಳಿ.

ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರ ವ್ಯವಸ್ಥೆ ಇದೆ. ಮುಖ್ಯ ಶಿಕ್ಷಕರ ಮೂಲಕ ಅವರನ್ನು ಸಂಪರ್ಕಿಸಿ.

ಇಂಗ್ಲಿಷ್ ಮಾಧ್ಯಮದಲ್ಲಿರುವ, ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೂ ಮೊದಲು ಕನ್ನಡ ಓದು ಕಲಿಸಿ ಎಂಬುದೇ ನಮ್ಮ ಅಭಿಪ್ರಾಯ. ಕನ್ನಡದಲ್ಲಿ ಬರೆದದ್ದಕ್ಕೂ ಹೇಳುವುದಕ್ಕೂ ಹೊಂದಿಕೆ ಹೆಚ್ಚು, ಓದು ಎಂದರೇನು ಎಂಬುದು ಮಗುವಿಗೆ ಇಲ್ಲಿ ಬೇಗ ಹೊಳೆಯುತ್ತದೆ.

## ಹಂತ 10: ಯಾವಾಗ ತಜ್ಞರ ಬಳಿ ಹೋಗಬೇಕು

ಮೂರು ನಾಲ್ಕು ತಿಂಗಳು ಬಿಡದೆ ಈ ಕ್ರಮದಲ್ಲಿ ಕಲಿಸಿದರೂ ಹಂತ 4 ಅಥವಾ 5 ದಾಟದಿದ್ದರೆ ಕಾಯಬೇಡಿ. ಗಮನಿಸಬೇಕಾದ್ದು: ನಿನ್ನೆ ಗಟ್ಟಿಯಾಗಿದ್ದ ಅಕ್ಷರ ಇಂದು ಅಳಿಸಿಹೋಗಿರುವುದು, ಅದೂ ವಾರಗಟ್ಟಲೆ. ಒಂದೇ ಪುಟದಲ್ಲಿ ಒಂದೇ ಪದವನ್ನು ಮೂರು ಥರ ಬರೆಯುವುದು. ಮಾತಿನಲ್ಲಿ ಚುರುಕು, ಕಾಗದದ ಮೇಲೆ ಶೂನ್ಯ. ಮಾತು ಬಂದದ್ದು ತಡ. ಮನೆತನದಲ್ಲಿ ಇನ್ನೊಬ್ಬರಿಗೆ ಇದೇ ತೊಂದರೆ. ಇವು ನಿರ್ದಿಷ್ಟ ಕಲಿಕಾ ನ್ಯೂನತೆಯ ಲಕ್ಷಣಗಳಿರಬಹುದು. ಎರಡು ನಿಮಿಷವೂ ಕೂರಲಾಗದ, ಆಟದಲ್ಲೂ ಊಟದಲ್ಲೂ ಗಮನ ನಿಲ್ಲದ ಮಗುವಿಗೆ ತೊಂದರೆ ಬೇರೆಯದಿರಬಹುದು, ಅದಕ್ಕೆ ಚಿಕಿತ್ಸೆ ಇದೆ.

ಎರಡು ಸಂಗತಿಗಳಿಗೆ ಒಂದು ವಾರವೂ ಕಾಯಬಾರದು. ಮಾತಿನ ನಡುವೆ ಕೆಲ ಸೆಕೆಂಡು ಕಣ್ಣು ನೆಟ್ಟು ನಿಂತು, ಕರೆದರೂ ಓಗೊಡದೆ, ಆಮೇಲೆ ಏನೂ ಆಗದಂತೆ ಮುಂದುವರಿಯುವುದು. ಇದು ಮೂರ್ಛೆರೋಗದ ಒಂದು ರೂಪ ಇರಬಹುದು. ಎರಡನೆಯದು, ಚೆನ್ನಾಗಿ ಓದುತ್ತಿದ್ದ ಮಗು ಇದ್ದಕ್ಕಿದ್ದಂತೆ ಹಿಂದೆ ಬೀಳುವುದು, ಶಾಲೆಗೆ ಹೋಗಲು ಹೆದರುವುದು. ಅಲ್ಲಿ ಕಾರಣ ಕಾಯಿಲೆ ಇರಬಹುದು, ಯಾರದೋ ಕಾಟವೂ ಇರಬಹುದು. ಮಗುವನ್ನು ಒಂಟಿಯಾಗಿ, ಸಮಾಧಾನದಿಂದ ಕೇಳಿ.

ತೋರಿಸಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ. ಹೋಗುವಾಗ ಕಣ್ಣು ಕಿವಿ ತಪಾಸಣೆಯ ಚೀಟಿ, ಮೂರು ವಿಷಯದ ನೋಟುಪುಸ್ತಕ, ಅಂಕಪಟ್ಟಿ, ಶಿಕ್ಷಕರ ಪತ್ರ, ನೀವು ಬರೆದಿಟ್ಟ ತಪ್ಪುಗಳ ದಾಖಲೆ ಒಯ್ಯಿರಿ. ಆ ದಾಖಲೆ ಬಹಳ ಉಪಯೋಗಕ್ಕೆ ಬರುತ್ತದೆ. ಬುದ್ಧಿಮಟ್ಟದ ಪರೀಕ್ಷೆ ಮತ್ತು ಓದು ಬರಹದ ಪರೀಕ್ಷೆ ಎರಡೂ ಇರುತ್ತವೆ, ಒಂದಕ್ಕಿಂತ ಹೆಚ್ಚು ಸಲ ಹೋಗಬೇಕಾಗಬಹುದು. ಓದಿನ ಪರೀಕ್ಷೆ ಮಗು ಕಲಿಯುತ್ತಿರುವ ಭಾಷೆಯಲ್ಲೇ ನಡೆಯಲಿ ಎಂದು ಕೇಳಿ. ಸಾಮಾನ್ಯವಾಗಿ 8 ವರ್ಷಕ್ಕೆ ಮೊದಲು ಈ ನ್ಯೂನತೆಗೆ ಪ್ರಮಾಣಪತ್ರ ಕೊಡುವುದಿಲ್ಲ. ಆದರೆ ಕಲಿಸುವುದಕ್ಕೆ ಪ್ರಮಾಣಪತ್ರ ಬೇಕಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇಂಥ ಅನುಕೂಲಗಳನ್ನು ಅದೇ ಕಾಯ್ದೆಯ 17ನೇ ಸೆಕ್ಷನ್ ಹೆಸರಿಸುತ್ತದೆ. ಎಸ್ಎಸ್ಎಲ್‌ಸಿ ಹೊತ್ತಿಗೆ ಓಡಾಡುವ ಬದಲು ಎಂಟನೇ ತರಗತಿಯೊಳಗೆ ಕಾಗದಪತ್ರ ಸಿದ್ಧ ಮಾಡಿಕೊಳ್ಳಿ, ಅರ್ಜಿ ಶಾಲೆಯ ಮೂಲಕವೇ ಹೋಗಬೇಕು.

ಜ್ಞಾಪಕಶಕ್ತಿಯ ಟಾನಿಕ್, ಮಿದುಳು ಚುರುಕಾಗಿಸುವ ಕೋರ್ಸು, ಬಣ್ಣದ ಕನ್ನಡಕ ಎಂದು ಮಾರಲು ಬರುವವರು ಈ ಘಟ್ಟದಲ್ಲೇ ಹತ್ತಿರವಾಗುತ್ತಾರೆ. ಓದಿನ ನ್ಯೂನತೆಗೆ ಔಷಧಿ ಇಲ್ಲ. ತಜ್ಞರು ಕೊಡುವ ತರಬೇತಿಯೂ ಮೇಲೆ ಹೇಳಿದ ದಾರಿಯಲ್ಲೇ ಸಾಗುತ್ತದೆ, ಇನ್ನೂ ಸಣ್ಣ ಹೆಜ್ಜೆಗಳಲ್ಲಿ, ಇನ್ನೂ ಹೆಚ್ಚು ಸಲ. ತಪಾಸಣೆಯ ದಿನಾಂಕ ಸಿಗುವವರೆಗೆ ದಿನದ 40 ನಿಮಿಷ ನಿಲ್ಲಿಸಬೇಡಿ, ಆರು ವಾರಕ್ಕೊಮ್ಮೆ ಹಂತ 2ರ ಪರೀಕ್ಷೆಯನ್ನು ಹೊಸ ಪದಗಳೊಂದಿಗೆ ಮತ್ತೆ ಮಾಡಿ, ದಿನಾಂಕ ಹಾಕಿ ಅದೇ ನೋಟುಪುಸ್ತಕದಲ್ಲಿ ಬರೆದಿಡಿ.